ಯೂರಿಕ್ ಆಮ್ಲಕ್ಕೆ ಕೆಂಪು ಗುರುತು, 'ಆಂಟಿಆಕ್ಸಿಡೆಂಟ್ ಸಾಮರ್ಥ್ಯ'ಕ್ಕೆ ಹಸಿರು ಗುರುತು: ಒಂದೇ ವರದಿಯನ್ನು ಓದುವುದು ಹೇಗೆ?

ಉಣಕಲ್‌ಕೆರೆ (ಎಳೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 67 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಳೆದ ಒಂದು ವರ್ಷದಲ್ಲಿ ಎರಡು ಸಲ ಅವರ ಬಲಗಾಲಿನ ಹೆಬ್ಬೆರಳಿನ ಬುಡ ಕೆಂಪಾಗಿ ಊದಿಕೊಂಡು, ಹೊದಿಕೆಯ ಅಂಚು ತಾಗಿದರೂ ಸಹಿಸಲಾಗದಷ್ಟು ನೋವು ಬಂದಿತ್ತು. ವೈದ್ಯರು ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಎಂದು ಹೇಳಿ, ಯೂರಿಕ್ ಆಮ್ಲ ಇಳಿಸುವ ಅಲೋಪ್ಯೂರಿನಾಲ್ ಗುಳಿಗೆ ಬರೆದುಕೊಟ್ಟಿದ್ದಾರೆ. ಅದನ್ನು ಶುರುಮಾಡುವ ಮೊದಲು, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಪ್ರಯೋಗಾಲಯದ 'ಸಂಪೂರ್ಣ ತಪಾಸಣೆ' ಪ್ಯಾಕೇಜ್ ಮಾಡಿಸಿದೆವು. ಯೂರಿಕ್ ಆಮ್ಲ ಡೆಸಿಲೀಟರಿಗೆ 7.8 ಮಿಲಿಗ್ರಾಂ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.6, ಎರಡಕ್ಕೂ ಕೆಂಪು ಗುರುತು. ಅದೇ ಹಾಳೆಯ ಕೊನೆಯಲ್ಲಿ 'ಒಟ್ಟು ಆಂಟಿಆಕ್ಸಿಡೆಂಟ್ ಸಾಮರ್ಥ್ಯ' ಎಂಬ ಸಾಲಿದೆ. ಅದು ಮಿತಿಗಿಂತ ಮೇಲಿದೆಯೆಂದು ಹಸಿರು ಗುರುತು ಹಾಕಿ, ಉತ್ಕರ್ಷಣ ಒತ್ತಡದ (ಎಲೆಕ್ಟ್ರಾನ್ ಕಸಿಯುವ ವಸ್ತುಗಳಿಂದ ದೇಹಕ್ಕಾಗುವ ಹಾನಿಯ) ವಿರುದ್ಧ ಉತ್ತಮ ರಕ್ಷಣೆಯಿದೆ ಎಂದು ಷರಾ ಬರೆದಿದ್ದಾರೆ.

ತಂದೆಯವರು ಆ ಹಸಿರು ಸಾಲನ್ನೇ ಹಿಡಿದುಕೊಂಡು, ರಕ್ಷಣೆ ಇಷ್ಟು ಚೆನ್ನಾಗಿರುವಾಗ ಗುಳಿಗೆ ಏಕೆ ಎಂದು ಕೇಳುತ್ತಿದ್ದಾರೆ. ಯೂರಿಕ್ ಆಮ್ಲವೇ ಒಂದು ಆಂಟಿಆಕ್ಸಿಡೆಂಟ್ ಎಂದು ಎಲ್ಲೋ ಓದಿದ ನೆನಪು ನನಗೂ ಇದೆ. ಹಾಗಾದರೆ ಈ ಎರಡು ಗುರುತುಗಳಲ್ಲಿ ಯಾವುದನ್ನು ನಂಬಬೇಕು? ನಾನು ವಾಣಿಜ್ಯ ಓದಿದವನು. ಸ್ವಲ್ಪ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಕ್ಯೂವೆಟ್

ನಾನು ಪದವಿ ತರಗತಿಗಳಿಗೆ ಜೀವರಸಾಯನ ವಿಜ್ಞಾನ ಪಾಠ ಮಾಡುತ್ತೇನೆ. ಎರಡೂ ಗುರುತುಗಳು ಬಹುಮಟ್ಟಿಗೆ ಒಂದೇ ವಸ್ತುವನ್ನು ಅಳೆದು ಹಾಕಿದವು. ಗೊಂದಲ ಹುಟ್ಟಿದ್ದೇ ಅಲ್ಲಿ.

'ಒಟ್ಟು ಆಂಟಿಆಕ್ಸಿಡೆಂಟ್ ಸಾಮರ್ಥ್ಯ'ವನ್ನು ಅಳೆಯುವ ಹಲವು ವಿಧಾನಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು, 1996ರಲ್ಲಿ ಬೆಂಜಿ ಮತ್ತು ಸ್ಟ್ರೇನ್ ಪ್ರಕಟಿಸಿದ ಫ್ರ್ಯಾಪ್ ಪರೀಕ್ಷೆ. ಫೆರಿಕ್ ಕಬ್ಬಿಣದ ಒಂದು ಸಂಕೀರ್ಣಕ್ಕೆ ಪ್ಲಾಸ್ಮಾವನ್ನು (ರಕ್ತದ ದ್ರವಭಾಗವನ್ನು) ಸೇರಿಸಿದಾಗ, ಪ್ಲಾಸ್ಮಾದಲ್ಲಿ ಎಲೆಕ್ಟ್ರಾನ್ ಬಿಟ್ಟುಕೊಡಬಲ್ಲ ಯಾವ ವಸ್ತುವಿದ್ದರೂ ಅದು ಕಬ್ಬಿಣವನ್ನು ಫೆರಸ್ ರೂಪಕ್ಕೆ ಅಪಕರ್ಷಿಸುತ್ತದೆ, ದ್ರಾವಣ ಕಡು ನೀಲಿಯಾಗುತ್ತದೆ, ಆ ನೀಲಿಯನ್ನು 593 ನ್ಯಾನೋಮೀಟರಿನಲ್ಲಿ ಓದುತ್ತೇವೆ. ಎಲೆಕ್ಟ್ರಾನ್ ಕೊಟ್ಟವರು ಯಾರು ಎಂದು ಆ ಬಣ್ಣ ಹೇಳುವುದಿಲ್ಲ. ಮನುಷ್ಯರ ತಾಜಾ ಪ್ಲಾಸ್ಮಾದಲ್ಲಿ ಈ ಅಂಕಿಯ ಸುಮಾರು 60 ಶೇಕಡಾ ಪಾಲು ಯೂರಿಕ್ ಆಮ್ಲದ್ದೇ ಎಂದು ಪರೀಕ್ಷೆಯನ್ನು ರೂಪಿಸಿದವರೇ ತೋರಿಸಿದ್ದರು. ಜೀವಕೋಶದೊಳಗಿನ ಮುಖ್ಯ ರಕ್ಷಕವಾದ ಗ್ಲುಟಾಥಯೋನ್ ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಸೇರುವುದೇ ಇಲ್ಲ.

ಹೀಗಾಗಿ ಯೂರಿಕ್ ಆಮ್ಲ ಏರಿದವರಿಗೆಲ್ಲ ಈ 'ಸಾಮರ್ಥ್ಯ'ವೂ ಏರುತ್ತದೆ. ಮೂತ್ರಪಿಂಡ ಸೋತು ಯೂರಿಕ್ ಆಮ್ಲ ರಕ್ತದಲ್ಲಿ ತುಂಬಿಕೊಂಡ ರೋಗಿಯ ವರದಿಯಲ್ಲೂ ಇದೇ ಹಸಿರು ಗುರುತು ಬೀಳುವ ಸಾಧ್ಯತೆ ಹೆಚ್ಚು. ನಿಮ್ಮ ತಂದೆಯವರು ಗಣಿತದ ಮೇಷ್ಟ್ರಾಗಿದ್ದರಿಂದ ಅವರಿಗೆ ಹೀಗೆ ಹೇಳಿ ನೋಡಿ: ಒಂದೇ ಉತ್ತರಕ್ಕೆ ಎರಡು ಕಡೆ ಅಂಕ ಹಾಕಿದ್ದಾರೆ, ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಪೂರ್ಣ.

ರಾತ್ರಿಪಾಳಿ

ನಾನು ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ಟೆಕ್ನೀಶಿಯನ್. ಕ್ಯೂವೆಟ್ ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾವು ಯೂರಿಕ್ ಆಮ್ಲವನ್ನು ಅಳೆಯುವ ದಾರಿಯೇ ಅದನ್ನು ಉತ್ಕರ್ಷಿಸುವುದು. ರೀಜೆಂಟ್‌ನಲ್ಲಿ ಯೂರಿಕೇಸ್ ಎಂಬ ಕಿಣ್ವವಿರುತ್ತದೆ. ಅದು ಯೂರಿಕ್ ಆಮ್ಲವನ್ನು ಒಡೆದಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಆ ಪೆರಾಕ್ಸೈಡನ್ನು ಪೆರಾಕ್ಸಿಡೇಸ್ ಎಂಬ ಇನ್ನೊಂದು ಕಿಣ್ವ ಬಳಸಿಕೊಂಡು ಗುಲಾಬಿ ಬಣ್ಣ ಮಾಡುತ್ತದೆ. ಬಣ್ಣ ಗಾಢವಾದಷ್ಟೂ ಯೂರಿಕ್ ಆಮ್ಲ ಹೆಚ್ಚು. ರೋಗಿಯ ಸೀರಂನಲ್ಲಿ ವಿಟಮಿನ್ ಸಿ ಜಾಸ್ತಿ ಇದ್ದರೆ ಅದು ನಡುವೆ ನುಗ್ಗಿ ಪೆರಾಕ್ಸೈಡನ್ನು ತಾನೇ ತಿಂದುಬಿಡುತ್ತದೆ. ಬಣ್ಣ ತೆಳುವಾಗಿ ಅಂಕಿ ಇಳಿಯುತ್ತದೆ. ಗುಳಿಗೆ ನುಂಗುವವರಲ್ಲಿ ಈ ತಪ್ಪು ಸಾಮಾನ್ಯವಾಗಿ ಅಲ್ಪ. ಡ್ರಿಪ್‌ನಲ್ಲಿ ಗ್ರಾಂಗಟ್ಟಲೆ ಕೊಟ್ಟವರಲ್ಲಿ ನಂಬಲಾಗದಷ್ಟು ದೊಡ್ಡದಾಗಬಹುದು. ಕೆಲವು ಕಿಟ್‌ಗಳಲ್ಲಿ ವಿಟಮಿನ್ ಸಿಯನ್ನು ಮೊದಲೇ ನಾಶಮಾಡುವ ಕಿಣ್ವವನ್ನೂ ಸೇರಿಸಿರುತ್ತಾರೆ.

ಕ್ಯಾನ್ಸರ್ ವಾರ್ಡಿನಿಂದ ಬರುವ ಕೆಲವು ಸ್ಯಾಂಪಲ್‌ಗಳು ಮಂಜುಗಡ್ಡೆಯಲ್ಲಿ ಕೂತೇ ಬರುತ್ತವೆ. ರಾಸ್ಬುರಿಕೇಸ್ ಪಡೆದ ರೋಗಿಗಳವು ಅವು. ಆ ಔಷಧವೂ ಯೂರಿಕೇಸೇ. ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರದ ಜೀನನ್ನು ಯೀಸ್ಟ್‌ಗೆ ಸೇರಿಸಿ ತಯಾರಿಸಿದ್ದು. ಟ್ಯೂಬ್ ಬೆಚ್ಚಗಿದ್ದರೆ ರಕ್ತ ತೆಗೆದ ಮೇಲೂ ಅದು ಕೆಲಸ ನಿಲ್ಲಿಸುವುದಿಲ್ಲ. ನಮ್ಮ ಯಂತ್ರಕ್ಕೆ ತಲುಪುವಷ್ಟರಲ್ಲಿ ಯೂರಿಕ್ ಆಮ್ಲ ಅರ್ಧ ಖಾಲಿಯಾಗಿರುತ್ತದೆ. ಒಂದು ರಾತ್ರಿ ಮಂಜುಗಡ್ಡೆಯಿಲ್ಲದೆ ಬಂದ ಟ್ಯೂಬನ್ನು ನಾನು ಹಿಂದಕ್ಕೆ ಕಳುಹಿಸಿ ಬೈಸಿಕೊಂಡಿದ್ದೇನೆ.

ಗಂಧದ ಹಲಗೆ

ತಂದೆಯವರ ವಿಷಯದಿಂದ ತುಸು ಆಚೆಯ ಮಾತು, ಕ್ಷಮಿಸಿ. ಮನೆಯ ಗೋಡೆಯ ಮೇಲಿನ ಹಲ್ಲಿಯ ಹಿಕ್ಕೆಯನ್ನು ಗಮನಿಸಿದ್ದೀರಾ? ಕಪ್ಪು ಕಾಳಿನ ತುದಿಗೆ ಸುಣ್ಣ ಮೆತ್ತಿದಂತೆ ಬಿಳಿ ಇರುತ್ತದೆ. ಆ ಬಿಳಿಯೇ ಯೂರಿಕ್ ಆಮ್ಲ. ಪಾರಿವಾಳದ ಹಿಕ್ಕೆಯ ಬಿಳಿಯೂ ಅದೇ. ನಾನು ಶಾಲೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸುತ್ತಿದ್ದೆ. ಆ ಬಿಳಿ ಪುಡಿಯನ್ನು ಪಿಂಗಾಣಿ ಬಟ್ಟಲಿಗೆ ಕೆರೆದು, ಎರಡು ಹನಿ ನೈಟ್ರಿಕ್ ಆಮ್ಲ ಹಾಕಿ, ಬಿಸಿನೀರಿನ ಆವಿಯ ಮೇಲೆ ಒಣಗಿಸಿದರೆ ಕಿತ್ತಳೆಗೆಂಪು ಕಲೆ ಉಳಿಯುತ್ತದೆ. ಅದಕ್ಕೆ ಅಮೋನಿಯಾ ತಾಗಿಸಿದೊಡನೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ ಬರುತ್ತದೆ. ಮ್ಯೂರೆಕ್ಸೈಡ್ ಪರೀಕ್ಷೆ ಎಂದು ಇದರ ಹೆಸರು. (ನೈಟ್ರಿಕ್ ಆಮ್ಲವನ್ನು ನಾನೇ ಹಾಕುತ್ತಿದ್ದೆ, ಮಕ್ಕಳ ಕೈಗೆ ಕೊಡುತ್ತಿರಲಿಲ್ಲ.)

ಕ್ಯೂವೆಟ್

ಗಂಧದ ಹಲಗೆಯವರು ಆಚೆಗೆ ಹೋಗಿಲ್ಲ. ಅವರು ಹೇಳಿದ್ದು ಯೂರಿಕ್ ಆಮ್ಲದ ಉತ್ಕರ್ಷಣವನ್ನೇ. 1776ರಲ್ಲಿ ಸ್ವೀಡನ್ನಿನ ಕಾರ್ಲ್ ಷೀಲೆ ಮೂತ್ರಕೋಶದ ಕಲ್ಲಿನಿಂದ ಈ ಆಮ್ಲವನ್ನು ಬೇರ್ಪಡಿಸಿದರು. 1830ರ ದಶಕದಲ್ಲಿ ಜರ್ಮನಿಯ ಲೀಬಿಗ್ ಮತ್ತು ವ್ಯೋಲರ್ ಅದನ್ನು ಬೇರೆಬೇರೆ ಉತ್ಕರ್ಷಕಗಳಿಂದ ಒಡೆದು ನೋಡಿದರು: ನೈಟ್ರಿಕ್ ಆಮ್ಲದಿಂದ ಒಡೆದರೆ ಅಲೋಕ್ಸಾನ್, ಸೀಸದ ಪೆರಾಕ್ಸೈಡಿನಿಂದ ಒಡೆದರೆ ಅಲಂಟಾಯಿನ್. ಒಡೆಯುವವರು ಬದಲಾದರೆ ಚೂರುಗಳೂ ಬದಲಾಗುತ್ತವೆ ಎಂಬ ಈ ಹಳೆಯ ತಿಳಿವಳಿಕೆಯ ಮೇಲೆಯೇ ಇಂದಿನ ರಾಸಾಯನಿಕ ಸೂಚಕಗಳ ವಿಚಾರ ನಿಂತಿದೆ.

ಹೆಚ್ಚಿನ ಸಸ್ತನಿಗಳ ಪಿತ್ತಜನಕಾಂಗದಲ್ಲಿ ಯೂರಿಕೇಸ್ ಇದೆ. ಅದು ಯೂರಿಕ್ ಆಮ್ಲವನ್ನು 5-ಹೈಡ್ರಾಕ್ಸಿ ಐಸೋಯೂರೇಟ್ ಎಂಬ ಅಸ್ಥಿರ ವಸ್ತುವಾಗಿಸುತ್ತದೆ, ಅಲ್ಲಿಂದ ಇನ್ನೆರಡು ಕಿಣ್ವಗಳು ಅದನ್ನು ಅಲಂಟಾಯಿನ್‌ವರೆಗೆ ಒಯ್ಯುತ್ತವೆ, ನೀರಿನಲ್ಲಿ ಸುಲಭವಾಗಿ ಕರಗುವ ಅಲಂಟಾಯಿನ್ ಮೂತ್ರದಲ್ಲಿ ಹೊರಟುಹೋಗುತ್ತದೆ. ಮನುಷ್ಯ, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್ ಇವರ ಪೂರ್ವಜರಲ್ಲಿ ಯೂರಿಕೇಸ್ ಜೀನ್ ಕೆಟ್ಟುಹೋಯಿತು. ಜೀನ್ ಇಂದಿಗೂ ನಮ್ಮಲ್ಲಿದೆ, ಆದರೆ ನಡುವೆ ಬಿದ್ದ ತಪ್ಪುಗಳಿಂದಾಗಿ ಅದು ಕಿಣ್ವವನ್ನು ಕೊಡುವುದಿಲ್ಲ. ಆದ್ದರಿಂದಲೇ ಬೇರೆ ಪ್ರಾಣಿಗಳಿಗಿಂತ ನಮ್ಮ ರಕ್ತದಲ್ಲಿ ಯೂರಿಕ್ ಆಮ್ಲ ಎಷ್ಟೋ ಪಟ್ಟು ಹೆಚ್ಚು.

ನಮ್ಮಲ್ಲಿ ಆ ಕಿಣ್ವವೇ ಇಲ್ಲದ ಮೇಲೆ, ನಮ್ಮ ದೇಹದೊಳಗೆ ಹುಟ್ಟಿದ ಅಲಂಟಾಯಿನ್ ಎಲ್ಲಿಂದ ಬಂತು? ಯಾವುದೋ ಉತ್ಕರ್ಷಕ ಯೂರಿಕ್ ಆಮ್ಲಕ್ಕೆ ಡಿಕ್ಕಿ ಹೊಡೆದದ್ದರಿಂದ ಎಂದೇ ಹೇಳಬೇಕಾಗುತ್ತದೆ. ಗ್ರೂಟ್‌ವೆಲ್ಡ್ ಮತ್ತು ಹ್ಯಾಲಿವೆಲ್ 1987ರಲ್ಲಿ ಈ ತರ್ಕವನ್ನು ಹಿಡಿದು ರುಮಟಾಯ್ಡ್ ಸಂಧಿವಾತದ ರೋಗಿಗಳ ಸೀರಂ ಮತ್ತು ಕೀಲಿನ ದ್ರವದಲ್ಲಿ ಅಲಂಟಾಯಿನ್ ಅಳೆದರು; ಅದು ಹೆಚ್ಚಾಗಿತ್ತು. ಮುಂದೆ 1997ರಲ್ಲಿ ಹೆಲ್‌ಸ್ಟೆನ್ ಮತ್ತು ಸಂಗಡಿಗರು, ದಣಿಯುವವರೆಗೆ ವ್ಯಾಯಾಮ ಮಾಡಿದವರ ಸ್ನಾಯುವಿನಲ್ಲಿ ಯೂರಿಕ್ ಆಮ್ಲ ಉತ್ಕರ್ಷಣಗೊಳ್ಳುವುದನ್ನು ತೋರಿಸಿದರು.

ಅಲಂಟಾಯಿನ್ ಒಂದೇ ಅಲ್ಲ. ಪೆರಾಕ್ಸಿನೈಟ್ರೈಟ್ ಎಂಬ ಉತ್ಕರ್ಷಕ ಹೊಡೆದಾಗ ಟ್ರೈಯೂರೆಟ್ ಕಾಣಿಸಿಕೊಳ್ಳುತ್ತದೆ, ನೈಟ್ರಿಕ್ ಆಕ್ಸೈಡ್ ಜೊತೆ ಸೇರಿದಾಗ 6-ಅಮಿನೋಯೂರಸಿಲ್, ಕೆಲವು ಉತ್ಕರ್ಷಕಗಳಿಂದ ಪ್ಯಾರಾಬ್ಯಾನಿಕ್ ಆಮ್ಲ. ಚೂರುಗಳನ್ನು ಬೇರೆಬೇರೆಯಾಗಿ ಎಣಿಸಿದರೆ ಒಡೆದವರು ಯಾರು ಎಂಬ ಸುಳಿವೂ ಸಿಗುತ್ತದೆ. ಹಾಗಾಗಿ ಉಳಿದಿರುವ ಯೂರಿಕ್ ಆಮ್ಲ ಎಷ್ಟು ಎಂಬುದು ಉತ್ಕರ್ಷಣ ಒತ್ತಡದ ಅಳತೆಯಲ್ಲ. ಅದರಲ್ಲಿ ಒಡೆದದ್ದು ಎಷ್ಟು ಎಂಬುದು ಆಗಬಹುದು.

ಉಣಕಲ್‌ಕೆರೆ

ಹಾಗಿದ್ದರೆ ತಂದೆಯವರಿಗೆ ಅಲಂಟಾಯಿನ್ ಪರೀಕ್ಷೆಯನ್ನೇ ಮಾಡಿಸಿಬಿಡಬಹುದಲ್ಲವೇ?

ಸೋಸುಬಟ್ಟೆ

ಬೇಡ. ನಾನು ಮೂತ್ರಪಿಂಡದ ವೈದ್ಯ. ಕ್ಯೂವೆಟ್ ಅವರ ತರ್ಕ ಸರಿಯಾದುದೇ. ಆದರೆ ಅದು ಮೂತ್ರಪಿಂಡ ಸರಿಯಾಗಿದ್ದವರಿಗೆ ಹೊಂದುವ ತರ್ಕ. ಮೂತ್ರಪಿಂಡ ತಾನು ಸೋಸಿದ ಯೂರಿಕ್ ಆಮ್ಲದ ಸುಮಾರು 90 ಶೇಕಡಾ ಭಾಗವನ್ನು ರಕ್ತಕ್ಕೆ ವಾಪಸು ಎಳೆದುಕೊಳ್ಳುತ್ತದೆ. ಅಲಂಟಾಯಿನ್ ಅನ್ನು ಹೆಚ್ಚುಕಡಿಮೆ ಸೋಸಿದ ಹಾಗೆಯೇ ಹೊರಗೆ ಬಿಡುತ್ತದೆ. ಸೋಸುವ ಶಕ್ತಿ ಕುಗ್ಗಿದಾಗ, ಒತ್ತಡ ಒಂದಿಷ್ಟೂ ಹೆಚ್ಚದಿದ್ದರೂ, ಅಲಂಟಾಯಿನ್ ರಕ್ತದಲ್ಲಿ ನಿಂತುಬಿಡುತ್ತದೆ. ಇದನ್ನು ಸರಿದೂಗಿಸಲು ಅಲಂಟಾಯಿನ್ ಮತ್ತು ಯೂರಿಕ್ ಆಮ್ಲದ ಅನುಪಾತವನ್ನು ಬಳಸುವುದುಂಟು. ಆದರೆ ಎರಡೂ ಮೂತ್ರಪಿಂಡದಿಂದ ಹೊರಹೋಗುವ ರೀತಿ ಬೇರೆಯಾದ್ದರಿಂದ ಅನುಪಾತವೂ ಪೂರ್ತಿ ನಿರ್ದೋಷಿಯಲ್ಲ. ತಮ್ಮ ತಂದೆಯವರ ಕ್ರಿಯಾಟಿನಿನ್ 1.6 ಇರುವಾಗ ಅಲಂಟಾಯಿನ್ ಎಷ್ಟು ಬಂದರೂ ನನಗೆ ಅದನ್ನು ಅರ್ಥೈಸಲು ಬರುವುದಿಲ್ಲ. ಇನ್ನೂ ಒಂದು ಮಾತು: ಅದು ಸಂಶೋಧನೆಯ ಸಾಧನ. ಆ ಅಂಕಿಯನ್ನು ನೋಡಿ ಯಾವ ವೈದ್ಯರೂ ಔಷಧ ಬದಲಿಸುವುದಿಲ್ಲ.

ಪಿಎಚ್‌ಡಿ_ಮುಗಿದಿಲ್ಲ

ಮೇಲಿನ ಮಾತಿಗೆ ಪ್ರಯೋಗಾಲಯದ ಕಡೆಯಿಂದ ಒಂದು ಪುರವಣಿ. ಅಲಂಟಾಯಿನ್ ಜೊತೆ ಎರಡು ವರ್ಷ ಗುದ್ದಾಡಿದ್ದೇನೆ. ಆರೋಗ್ಯವಂತರ ಪ್ಲಾಸ್ಮಾದಲ್ಲಿ ಲೀಟರಿಗೆ ಯೂರಿಕ್ ಆಮ್ಲ 200ರಿಂದ 400 ಮೈಕ್ರೋಮೋಲ್ ಇದ್ದರೆ ಅಲಂಟಾಯಿನ್ ಕೆಲವೇ ಮೈಕ್ರೋಮೋಲ್ ಇರುತ್ತದೆ. ಈಗ ಲೆಕ್ಕ ಹಾಕಿ: 400 ಇರುವ ಸ್ಯಾಂಪಲ್‌ನಲ್ಲಿ ನಮ್ಮ ಅಜಾಗರೂಕತೆಯಿಂದ ಬರೀ 1 ಶೇಕಡಾ ಯೂರಿಕ್ ಆಮ್ಲ ಟ್ಯೂಬಿನೊಳಗೇ ಉತ್ಕರ್ಷಣಗೊಂಡರೂ 4 ಮೈಕ್ರೋಮೋಲ್ ಅಲಂಟಾಯಿನ್ ಹೊಸದಾಗಿ ಹುಟ್ಟುತ್ತದೆ. ರೋಗಿಯ ನಿಜವಾದ ಅಂಕಿ ಅಷ್ಟೇ ಇದ್ದರೆ ಅದು ದುಪ್ಪಟ್ಟಾಯಿತು. ನಾವು ಅಳೆದದ್ದು ರೋಗಿಯ ಒತ್ತಡವನ್ನೋ, ನಮ್ಮ ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚದ್ದನ್ನೋ?

ಹಳೆಯ ಬಣ್ಣದ ವಿಧಾನದಲ್ಲಿ ಅಲಂಟಾಯಿನ್ ಅನ್ನು ಮೊದಲು ಕ್ಷಾರದಲ್ಲಿ, ಆಮೇಲೆ ಆಮ್ಲದಲ್ಲಿ ಕುದಿಸಿ ಗ್ಲೈಆಕ್ಸಿಲೇಟ್ ಮಾಡಿಕೊಂಡು, ಅದಕ್ಕೆ ಫಿನೈಲ್‌ಹೈಡ್ರಜೀನ್ ಮತ್ತು ಫೆರಿಸಯನೈಡ್ ಸೇರಿಸಿ ಕೆಂಪು ಬಣ್ಣ ಬರಿಸುತ್ತಾರೆ. ಆ ಕೆಂಪು ಕಣ್ಣೆದುರೇ ಮಾಸುತ್ತದೆ. ಮೂವತ್ತು ಟ್ಯೂಬ್ ಇಟ್ಟುಕೊಂಡರೆ ಮೊದಲನೆಯದನ್ನು ಓದಿ ಕೊನೆಯದಕ್ಕೆ ಬರುವಷ್ಟರಲ್ಲಿ ನ್ಯಾಯ ತಪ್ಪಿರುತ್ತದೆ. ಈಗ ಸಾರಜನಕದ ಭಾರ ಐಸೋಟೋಪ್ ಸೇರಿಸಿದ ಅಲಂಟಾಯಿನ್ ಅನ್ನು ಆಂತರಿಕ ಮಾನಕವಾಗಿ ಹಾಕಿ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುವುದೇ ನಂಬಲರ್ಹವಾದ ದಾರಿ. ಅದನ್ನು ಪ್ಯಾಕೇಜಿನಲ್ಲಿ ಸೇರಿಸಿ ಕೊಡುವವರನ್ನು ನಾನು ಕಂಡಿಲ್ಲ.

ಉಳಿದ ಸೂಚಕಗಳ ಪೈಕಿ ಅತಿ ಹೆಚ್ಚು ದುರ್ಬಳಕೆಯಾದದ್ದು ಟಿಬಾರ್ಸ್. ಕೊಬ್ಬು ಉತ್ಕರ್ಷಣಗೊಂಡಾಗ ಬರುವ ಮ್ಯಾಲೋನ್‌ಡೈಆಲ್ಡಿಹೈಡನ್ನು ಥಯೋಬಾರ್ಬಿಟ್ಯೂರಿಕ್ ಆಮ್ಲದೊಂದಿಗೆ ಕುದಿಸಿ 532 ನ್ಯಾನೋಮೀಟರಿನಲ್ಲಿ ಗುಲಾಬಿ ಬಣ್ಣ ಓದುವ ಪರೀಕ್ಷೆ ಅದು. ಸಕ್ಕರೆ, ಸಯಾಲಿಕ್ ಆಮ್ಲ, ಬಿಲಿರುಬಿನ್ ಎಲ್ಲವೂ ಅದರಲ್ಲಿ ಕೈಯಾಡಿಸುತ್ತವೆ. ಕುದಿಸುವಾಗಲೇ ಕೊಬ್ಬು ಇನ್ನಷ್ಟು ಉತ್ಕರ್ಷಣಗೊಳ್ಳುತ್ತದೆ. ಕಾಮಾಲೆಯ ರೋಗಿಯೊಬ್ಬರ ಸೀರಂ ಒಮ್ಮೆ ನನ್ನ ಟ್ಯೂಬುಗಳ ಸಾಲಿನಲ್ಲಿ ಉಳಿದೆಲ್ಲವನ್ನೂ ಮೀರಿಸಿ ಹೊಳೆದಾಗ ನಾನು ಹಿಗ್ಗಿದ್ದೆ. ಮಾರ್ಗದರ್ಶಕರು ಟ್ಯೂಬನ್ನು ಬೆಳಕಿಗೆ ಹಿಡಿದು, ಇದು ಗುಲಾಬಿಯಲ್ಲ, ಅರಿಸಿನ ಕಲಸಿದ ಗುಲಾಬಿ ಎಂದು ಹೇಳಿ ಅದನ್ನು ಪಟ್ಟಿಯಿಂದ ತೆಗೆದುಹಾಕಿದರು. ಕೊಬ್ಬಿನ ಮಟ್ಟಿಗೆ ಎಫ್2-ಐಸೋಪ್ರೋಸ್ಟೇನ್, ಡಿಎನ್‌ಎಗೆ 8-ಆಕ್ಸೊ ಡಿಯಾಕ್ಸಿಗ್ವಾನೋಸಿನ್, ಪ್ರೋಟೀನಿಗೆ ಕಾರ್ಬೊನಿಲ್: ಇವು ಮೇಲು, ಆದರೆ ಅಗ್ಗವಲ್ಲ.

ಅಲಸಂದೆ ಬಳ್ಳಿ

ನಾನು ಕೃಷಿ ಪದವೀಧರ. ಅಲಂಟಾಯಿನ್ ಎಂದೊಡನೆ ಬೇರುಗಂಟುಗಳು ನೆನಪಾದವು. ಅಲಸಂದೆ, ಸೋಯಾ, ತೊಗರಿಯಂತಹ ಬೆಳೆಗಳು ಗಾಳಿಯಿಂದ ಹಿಡಿದ ಸಾರಜನಕವನ್ನು ಬೇರಿನ ಗಂಟಿನಿಂದ ಎಲೆಗಳಿಗೆ ಸಾಗಿಸುವುದು ಬಹುಪಾಲು ಅಲಂಟಾಯಿನ್ ಮತ್ತು ಅಲಂಟಾಯಿಕ್ ಆಮ್ಲದ ರೂಪದಲ್ಲಿ. ಅಲ್ಲಿಯೂ ಯೂರಿಕ್ ಆಮ್ಲವೇ ಉತ್ಕರ್ಷಣಗೊಳ್ಳುತ್ತದೆ, ಆದರೆ ಕಿಣ್ವದ ಕೈಯಲ್ಲಿ, ಒತ್ತಡದ ಹಂಗಿಲ್ಲದೆ. ಹೀಗಿರುವಾಗ ಅಲಸಂದೆ ಕಾಳಿನ ಪಲ್ಯ ಉಂಡು ರಕ್ತ ಕೊಟ್ಟವರ ಅಲಂಟಾಯಿನ್‌ನಲ್ಲಿ ಊಟದ ಪಾಲೆಷ್ಟು?

ಕ್ಯೂವೆಟ್

ಒಳ್ಳೆಯ ತಕರಾರು, ನನ್ನ ವಾಕ್ಯದಲ್ಲಿ 'ನಮ್ಮ ದೇಹದೊಳಗೆ ಹುಟ್ಟಿದ' ಎಂದು ಸೇರಿಸಿದ್ದು ಇದಕ್ಕಾಗಿಯೇ. ಸಸ್ಯಾಹಾರದಿಂದ ಸ್ವಲ್ಪ ಅಲಂಟಾಯಿನ್ ಬರುತ್ತದೆ. ಆದ್ದರಿಂದ ಅಧ್ಯಯನ ಮಾಡುವವರು ಉಪವಾಸದ ಸ್ಯಾಂಪಲ್ ತೆಗೆದುಕೊಂಡು, ಒಬ್ಬರನ್ನು ಇನ್ನೊಬ್ಬರೊಂದಿಗೆ ಹೋಲಿಸುವುದಕ್ಕಿಂತ ಅದೇ ವ್ಯಕ್ತಿಯ ಮೊದಲಿನ ಮತ್ತು ನಂತರದ ಅಂಕಿಗಳನ್ನು ಹೋಲಿಸಿದರೆ ಲೇಸು.

ಉಣಕಲ್‌ಕೆರೆ

ತಂದೆಯವರಿಗೆ ಇದೆಲ್ಲವನ್ನೂ ಓದಿ ಹೇಳಿದೆ. 'ಒಂದೇ ಉತ್ತರಕ್ಕೆ ಎರಡು ಕಡೆ ಅಂಕ' ಎಂಬುದನ್ನು ಕೂಡಲೇ ಒಪ್ಪಿದರು. ಆದರೆ ಹೊಸ ಪ್ರಶ್ನೆ ಹಾಕಿದ್ದಾರೆ: ಯೂರಿಕ್ ಆಮ್ಲ ನಿಜವಾಗಿಯೂ ಉತ್ಕರ್ಷಕಗಳಿಗೆ ಅಡ್ಡ ನಿಲ್ಲುವುದಾದರೆ, ಅದನ್ನು ಔಷಧದಿಂದ ಇಳಿಸುವುದು ಕಾವಲುಗಾರನನ್ನು ಕೆಲಸದಿಂದ ತೆಗೆದಂತಾಗುವುದಿಲ್ಲವೇ?

ಸೋಸುಬಟ್ಟೆ

ಮೇಷ್ಟ್ರ ಪ್ರಶ್ನೆ ಸಣ್ಣದಲ್ಲ. ನಾಲ್ಕು ದಶಕಗಳಿಂದ ಕೇಳುತ್ತಿರುವುದು. ಬ್ರೂಸ್ ಏಮ್ಸ್ ಮತ್ತು ಸಂಗಡಿಗರು 1981ರಲ್ಲಿ, ಮನುಷ್ಯರಿಗೆ ಯೂರಿಕ್ ಆಮ್ಲ ಮುಖ್ಯ ಆಂಟಿಆಕ್ಸಿಡೆಂಟ್ ಆಗಿರಬಹುದು ಎಂದು ಬರೆದರು. ಅದನ್ನು ಅವರು ಶೀರ್ಷಿಕೆಯಲ್ಲೇ ಊಹೆ ಎಂದು ಕರೆದಿದ್ದರು. ಊಹೆ ನಿಜವಾದರೆ ಏರಿಸಿದವರಿಗೆ ಲಾಭವಾಗಬೇಕು. ಪಾರ್ಕಿನ್ಸನ್ ರೋಗದ ಆರಂಭದಲ್ಲಿದ್ದ 298 ಜನರಿಗೆ ಇನೋಸಿನ್ (ದೇಹದಲ್ಲಿ ಯೂರಿಕ್ ಆಮ್ಲವಾಗುವ ವಸ್ತು) ಅಥವಾ ಹುಸಿಗುಳಿಗೆ ಕೊಟ್ಟ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು: ಇನೋಸಿನ್ ಪಡೆದವರಲ್ಲಿ ಯೂರಿಕ್ ಆಮ್ಲ ಏರಿತು, ರೋಗದ ವೇಗ ತಗ್ಗಲಿಲ್ಲ, ಮೂತ್ರಪಿಂಡದ ಕಲ್ಲುಗಳು ಹೆಚ್ಚಿದವು. ಹಾಗಾದರೆ ಇಳಿಸಿದರೆ ಲಾಭವೇ? ಬ್ರಿಟನ್ನಿನಲ್ಲಿ 60 ದಾಟಿದ, ಗೌಟ್ ಇಲ್ಲದ ಹೃದ್ರೋಗಿಗಳಿಗೆ ಅಲೋಪ್ಯೂರಿನಾಲ್ ಕೊಟ್ಟು ನೋಡಿದರು. 2022ರ ವರದಿಯ ಪ್ರಕಾರ ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ತಗ್ಗಲಿಲ್ಲ. ಎರಡೂ ಕಡೆಯ ಉತ್ಸಾಹಿಗಳಿಗೆ ನಿರಾಶೆಯೇ.

ತಮ್ಮ ತಂದೆಯವರ ವಿಷಯ ಇವೆರಡಕ್ಕೂ ಸೇರಿದ್ದಲ್ಲ. ಅವರಿಗೆ ಹರಳಿನ ಕಾಯಿಲೆ. ದೇಹದ ಉಷ್ಣತೆಯಲ್ಲಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಯೂರೇಟ್ (ರಕ್ತದಲ್ಲಿ ಯೂರಿಕ್ ಆಮ್ಲ ಇರುವ ರೂಪ) ಕರಗಿರಲಾರದೆ ಸೂಜಿಯಂತಹ ಹರಳಾಗಿ ಕೀಲಿನಲ್ಲಿ ಕೂರಬಹುದು. ಹೆಬ್ಬೆರಳು ದೇಹದ ಮಧ್ಯಭಾಗಕ್ಕಿಂತ ತಣ್ಣಗಿರುವುದರಿಂದ ಅಲ್ಲಿ ಇನ್ನೂ ಸುಲಭ. ಗೌಟ್ ಇದ್ದವರಲ್ಲಿ 6ಕ್ಕಿಂತ ಕೆಳಗೆ ಇಡಬೇಕೆನ್ನುವುದು ಈ ಕಾರಣಕ್ಕೆ. 6ರಲ್ಲಿಯೂ ಕಾವಲುಗಾರನಿಗೆ ಕೆಲಸವಿದೆ. ತೆಗೆಯುವುದು ಹೆಚ್ಚುವರಿಯನ್ನು ಮಾತ್ರ. ಅದೂ ಅಲ್ಲದೆ ಯೂರಿಕ್ ಆಮ್ಲವನ್ನು ತಯಾರಿಸುವ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಆ ಕೆಲಸದ ಜೊತೆಜೊತೆಗೇ ಸೂಪರಾಕ್ಸೈಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಎಂಬ ಉತ್ಕರ್ಷಕಗಳನ್ನು ಹುಟ್ಟಿಸುತ್ತದೆ. ಕಾವಲುಗಾರನನ್ನು ಕಳುಹಿಸಿಕೊಡುವ ಮನೆಯಿಂದಲೇ ಕಳ್ಳನೂ ಬರುತ್ತಾನೆ. ಅಲೋಪ್ಯೂರಿನಾಲ್ ತಡೆಯುವುದು ಈ ಕಿಣ್ವವನ್ನೇ.

ಪಿಎಚ್‌ಡಿ_ಮುಗಿದಿಲ್ಲ

ಕಾವಲುಗಾರನಿಗೆ ಗಡಿಯೂ ಇದೆ ಸರ್. ಯೂರೇಟ್ ನೀರಿನಲ್ಲಿ ಇರುವ ವಸ್ತು. ಕೋಶಪೊರೆಯ ಕೊಬ್ಬಿನೊಳಗೆ ಅದು ಕಾಲಿಡುವುದಿಲ್ಲ. ಎಲೆಕ್ಟ್ರಾನ್ ಕೊಟ್ಟ ಮೇಲೆ ಅದು ತಾನೇ ಯೂರೇಟ್ ರಾಡಿಕಲ್ (ಒಂಟಿ ಎಲೆಕ್ಟ್ರಾನ್ ಉಳಿದ ಚಂಚಲ ಅಣು) ಆಗುತ್ತದೆ, ಮತ್ತು ಅದನ್ನು ಮತ್ತೆ ಯೂರೇಟ್ ಮಾಡಲು ವಿಟಮಿನ್ ಸಿ ಬೇಕು. ವಿಟಮಿನ್ ಸಿ ಬತ್ತಿದ ಕಡೆ ಆ ರಾಡಿಕಲ್ ಬೇರೆ ಅಣುಗಳಿಗೂ ಹಾನಿ ಮಾಡಬಲ್ಲದು.

ಉಣಕಲ್‌ಕೆರೆ

ವಿಟಮಿನ್ ಸಿ ಎಂದಾಗ ಹೇಳಬೇಕಾದದ್ದು ನೆನಪಾಯಿತು. ತಂದೆಯವರು ಕಳೆದ ಕೆಲವು ತಿಂಗಳಿಂದ ದಿನಕ್ಕೊಂದು 500 ಮಿಲಿಗ್ರಾಮಿನ ಚೀಪುವ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ರಕ್ತ ಕೊಟ್ಟ ದಿನ ಬೆಳಗ್ಗೆಯೂ, ಅದು ಊಟವಲ್ಲವಲ್ಲ ಎಂದು, ಒಂದನ್ನು ಬಾಯಿಗೆ ಹಾಕಿಕೊಂಡಿದ್ದರಂತೆ.

ರಾತ್ರಿಪಾಳಿ

ಹಾಗಾದರೆ ಆ 7.8 ನಿಜಕ್ಕಿಂತ ತುಸು ಕಡಿಮೆ ಇದ್ದಿರಬಹುದು ಸರ್. ಇದರಲ್ಲಿ ಎರಡು ವಿಷಯ ಬೆರೆತಿವೆ. ನಮ್ಮ ಗುಲಾಬಿ ಬಣ್ಣಕ್ಕೆ ಅಡ್ಡಿಯಾಗುವುದು ಒಂದು; ಗುಳಿಗೆ ನಿಲ್ಲಿಸಿದರೆ ಅದು ಒಂದೆರಡು ದಿನಗಳಲ್ಲಿ ಹೋಗುತ್ತದೆ. ವಿಟಮಿನ್ ಸಿ ಮೂತ್ರದ ಮೂಲಕ ಯೂರಿಕ್ ಆಮ್ಲವನ್ನು ನಿಜವಾಗಿಯೂ ಸ್ವಲ್ಪ ಇಳಿಸುವುದು ಇನ್ನೊಂದು. ಅದು ತಪ್ಪು ಅಂಕಿಯಲ್ಲ, ನಿಜವಾದ ಇಳಿಕೆಯೇ. ಮತ್ತೆ ಪರೀಕ್ಷೆ ಮಾಡಿಸುವುದಾದರೆ ಗುಳಿಗೆಯ ವಿಷಯವನ್ನು ರಕ್ತ ತೆಗೆಯುವವರಿಗೆ ಬಾಯಿಬಿಟ್ಟು ಹೇಳಿ. ಅರ್ಜಿಯಲ್ಲಿ ಔಷಧಗಳ ಜಾಗವನ್ನು ಬಹಳ ಜನ ಖಾಲಿ ಬಿಡುತ್ತಾರೆ.

ಸೋಸುಬಟ್ಟೆ

ಆ ಗುಳಿಗೆಯ ವಿಷಯವನ್ನು ಔಷಧ ಬರೆದುಕೊಟ್ಟ ವೈದ್ಯರಿಗೂ ತಿಳಿಸಿ. ವಿಟಮಿನ್ ಸಿಯ ಒಂದು ಭಾಗ ದೇಹದಲ್ಲಿ ಆಕ್ಸಲೇಟ್ (ಮೂತ್ರಪಿಂಡದಲ್ಲಿ ಕಲ್ಲಾಗಬಲ್ಲ ವಸ್ತು) ಆಗುತ್ತದೆ. ಕ್ರಿಯಾಟಿನಿನ್ ಏರಿದವರಿಗೆ ಅದನ್ನು ತಿಂಗಳುಗಟ್ಟಲೆ ಕೊಡಲು ನಾನು ಹಿಂಜರಿಯುತ್ತೇನೆ. ಅಲೋಪ್ಯೂರಿನಾಲ್ ಪ್ರಮಾಣವನ್ನೂ ಕ್ರಿಯಾಟಿನಿನ್ ನೋಡಿಯೇ ಸಣ್ಣದರಿಂದ ಆರಂಭಿಸಬೇಕು. ಶುರುಮಾಡಿದ ಮೇಲೆ ಮೈಮೇಲೆ ದದ್ದು ಎದ್ದರೆ ಗುಳಿಗೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು.

ಉಣಕಲ್‌ಕೆರೆ

ಸೋಮವಾರಕ್ಕೆ ವೈದ್ಯರ ಭೇಟಿ ಗೊತ್ತುಮಾಡಿದ್ದೇನೆ. ಚೀಪುವ ಗುಳಿಗೆಯ ಡಬ್ಬಿಯನ್ನು ತಂದೆಯವರು ತಾವೇ ವರದಿಯ ಜೊತೆ ಚೀಲಕ್ಕೆ ಹಾಕಿಟ್ಟಿದ್ದಾರೆ. ಹಸಿರು ಗುರುತಿನ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದಾರೆ. ಪಕ್ಕದಲ್ಲಿ 'ಕ್ರಮ ತೋರಿಸಿಲ್ಲ' ಎಂದು ಬರೆದಿದ್ದಾರೆ.